ಮುಂದಕ್ಕೆ ತಿರುಗಿದ ಮೀಟರು

ಟೈಮಕ್ಕನ ಬಿಳಿ ಕಾರು ಟ್ಯಾಕ್ಸಿ ಸ್ಟ್ಯಾಂಡಿನಲ್ಲಿದ್ದವುಗಳಲ್ಲೆಲ್ಲ ಸಣ್ಣದು, ಎಲ್ಲಕ್ಕಿಂತ ಹೆಚ್ಚು ಓಡಿದ್ದೂ ಅದೇ. ಹನ್ನೆರಡು ವರ್ಷಕ್ಕೆ ನಾಲ್ಕು ಲಕ್ಷದ ಎಂಬತ್ತೇಳು ಸಾವಿರ ಕಿಲೋಮೀಟರು. ಆರು ಗಂಟೆಗೆ ಬರುತ್ತೇನೆ ಎಂದರೆ ಐದು ಐವತ್ತೆಂಟಕ್ಕೇ ಬಾಗಿಲಲ್ಲಿ ಹಾರನ್ ಹೊಡೆಯುವ ಹೆಂಗಸಿಗೆ ಸ್ಟ್ಯಾಂಡಿನವರು ಇನ್ನೇನು ಹೆಸರಿಟ್ಟಾರು? ಕಿಡ್ನಿ ಕೆಟ್ಟವರನ್ನು ಡಯಾಲಿಸಿಸ್‌ಗೆ ಕರೆದೊಯ್ಯುವುದು ಆಕೆಯ ಕೆಲಸ. ಹೋಗುವಾಗ ಹರಟೆ, ಬರುವಾಗ ಸುಸ್ತಾದವರ ನಿದ್ದೆ. ಗುಂಡಿ ತಪ್ಪಿಸಿ ಓಡಿಸುವುದರಲ್ಲಿ ಆಕೆಯನ್ನು ಮೀರಿಸುವವರಿರಲಿಲ್ಲ.

ಆಸ್ಪತ್ರೆಯವರು ಇದ್ದಕ್ಕಿದ್ದಂತೆ ಹೊಸ ನಿಯಮ ತಂದರು. ಮುಂದಿನ ಸೋಮವಾರದಿಂದ ಹತ್ತು ವರ್ಷ ದಾಟಿದ ಕಾರು ರೋಗಿಗಳನ್ನು ಕರೆತರುವಂತಿಲ್ಲ. ನಾಲ್ಕು ವರ್ಷದ ಹಳೆಯದೊಂದು ಕಾರನ್ನು ಟೈಮಕ್ಕ ನೋಡಿಟ್ಟಳು. ಶನಿವಾರದೊಳಗೆ ಒಂದು ಲಕ್ಷದ ಹತ್ತು ಸಾವಿರ ಮುಂಗಡ ಕಟ್ಟಿದರೆ ಅದು ಆಕೆಯದು; ಇಲ್ಲದಿದ್ದರೆ ಆಸ್ಪತ್ರೆಯ ಓಡಾಟ ಬೇರೆಯವರ ಪಾಲು. ಆ ದುಡ್ಡು ಹುಟ್ಟಬೇಕಾದದ್ದು ಈ ಬಿಳಿ ಕಾರಿನಿಂದಲೇ.

ದಲ್ಲಾಳಿ ಬಂದು ಕಾರಿಗೆ ಒಂದು ಸುತ್ತು ಹಾಕಿದ. ಮೀಟರು ನೋಡಿದವನೇ ನಕ್ಕುಬಿಟ್ಟ.

"ಅಕ್ಕಾ, ಇದನ್ನ ತೂಕಕ್ಕೆ ಹಾಕ್ಬೇಕು. ಗುಜರಿಯವನು ನಲವತ್ತೆರಡು ಸಾವಿರ ಕೊಡ್ತಾನೆ. ಇಲ್ಲಾಂದ್ರೆ ಮೀಟರ್ ಮೇಷ್ಟ್ರ ಹತ್ರ ಒಂದ್ಸಲ ತೋರ್ಸಿ. ಒಂದೂವರೆ ಲಕ್ಷಕ್ಕೆ ನಾನೇ ಗಿರಾಕಿ ತರ್ತೀನಿ."

ಮೀಟರ್ ಮೇಷ್ಟ್ರು ಪಾಠ ಹೇಳುವವರಲ್ಲ. ರೇಡಿಯೋ ರಿಪೇರಿ ಅಂಗಡಿಯ ಹಿಂದಿನ ಕೋಣೆಯಲ್ಲಿ ಒಂದು ಲ್ಯಾಪ್‌ಟಾಪು, ಒಂದು ವೈರು ಇಟ್ಟುಕೊಂಡು, ಮೀಟರಿನ ಅಂಕಿ ಹಿಂದಕ್ಕೆ ತಿರುಗಿಸಿ, ಓಡಿದ ಕಾರನ್ನು ಓಡೇ ಇಲ್ಲದಂತೆ ಮಾಡುವವರು. ಫೋಟೋ ತೆಗೆಸಿಕೊಳ್ಳುವ ಮುಂಚೆ ಕ್ಷೌರ ಮಾಡಿಸಿಕೊಂಡಂತೆ, ಮಾರುವ ಮುಂಚೆ ಕಾರುಗಳೆಲ್ಲ ಅಲ್ಲಿಗೆ ಹೋಗಿಯೇ ಬರುತ್ತಿದ್ದವು. ಯಾರೂ ಅದನ್ನು ಮೋಸ ಎನ್ನುತ್ತಿರಲಿಲ್ಲ. ಕಾರು "ತಿದ್ದಿಸಿದ್ದು" ಎನ್ನುತ್ತಿದ್ದರು, ಅಷ್ಟೆ.

"ಮೂರು ಲಕ್ಷ ಓಡಿದಾಗ ಇಂಜಿನ್ ಬಿಚ್ಚಿ ಕಟ್ಸಿದೀನಿ. ಹೋದ ವರ್ಷ ಕ್ಲಚ್ಚು, ಮೊನ್ನೆ ನಾಲ್ಕೂ ಟೈರು. ಇನ್ನೊಂದು ಲಕ್ಷ ಕಣ್ಣು ಮುಚ್ಕೊಂಡು ಓಡತ್ತೆ. ಓಡಿದ್ದನ್ನ ಓಡಿದೆ ಅಂತ ಹೇಳೇ ಮಾರ್ತೀನಿ," ಎಂದಳು ಟೈಮಕ್ಕ.

"ತಾನು ಹಿಡಿದ ಮೊಲಕ್ಕೆ ಮೂರೇ ಕಾಲು," ಎಂದು ಗೊಣಗಿಕೊಂಡು ದಲ್ಲಾಳಿ ಹೊರಟುಹೋದ.

ಒಳಗೆ ಹೊಲಿಗೆ ಯಂತ್ರದ ಮುಂದೆ ಕೂತಿದ್ದ ಗಂಡನಿಗೆ ಇದೆಲ್ಲ ಕೇಳಿಸಿತು. ಆತ ದರ್ಜಿ, ಸಾಧು ಮನುಷ್ಯ, ಹೆಂಡತಿಯೆಂದರೆ ಪ್ರಾಣ. ಮರುದಿನ ಕಾರು ತೊಳೆಸಿಕೊಂಡು ಬರುತ್ತೇನೆಂದು ಬೀಗದ ಕೈ ಇಸಿದುಕೊಂಡ. ಮೂರು ಗಂಟೆಯ ನಂತರ ಕಾರು ಫಳಫಳ ಹೊಳೆಯುತ್ತ ಮನೆಗೆ ಬಂತು.

ಗುರುವಾರ ಗಿರಾಕಿಯೊಬ್ಬ ಬಂದ. ಲೆಕ್ಕದ ಮೇಷ್ಟ್ರಂತೆ, ಅದಕ್ಕೆ ತಕ್ಕ ಮುಖ. ಟೈಮಕ್ಕ ಸುತ್ತುಬಳಸು ಮಾತಿಲ್ಲದೆ, "ಸರ್, ನಾಲ್ಕು ಲಕ್ಷದ ಎಂಬತ್ತೇಳು ಸಾವಿರ ಓಡಿದೆ. ಬೆಲೆ ಒಂದು ಲಕ್ಷದ ಹತ್ತು," ಎಂದಳು.

ಆತ ತಲೆ ಒಳಗೆ ಹಾಕಿ ನೋಡಿದ. "ಎಂಬತ್ತೆರಡು ಸಾವಿರ ಇದೆಯಲ್ರೀ ಇಲ್ಲಿ?"

ಟೈಮಕ್ಕನೂ ಬಗ್ಗಿ ನೋಡಿದಳು. ಹೌದು, ಎಂಬತ್ತೆರಡು ಸಾವಿರದ ಮುನ್ನೂರು ಚಿಲ್ಲರೆ. ಬೆಳಿಗ್ಗೆಯೇ ಎರಡು ಟ್ರಿಪ್ ಹೊಡೆದಿದ್ದಳು, ಆದರೆ ಗಿರಾಕಿಗೆ ಏನು ಹೇಳಬೇಕೆಂಬ ಯೋಚನೆಯಲ್ಲಿ ಆ ಕಡೆ ಕಣ್ಣೇ ಹಾಯಿಸಿರಲಿಲ್ಲ.

"ಅದು ಸುಳ್ಳು ಸರ್. ನಿಜವಾಗ್ಲೂ ನಾಲ್ಕು ಲಕ್ಷದ ಮೇಲೇ ಓಡಿದೆ. ನನ್ನ ಮಾತು ನಂಬಿ."

ಆತ ಎರಡು ಹೆಜ್ಜೆ ಹಿಂದೆ ಸರಿದ. ತನ್ನ ಕಾರು ಕಮ್ಮಿ ಓಡಿದೆ ಎಂದು ಆಣೆ ಇಡುವವರನ್ನು ಅವನು ಕಂಡಿದ್ದ. ಜಾಸ್ತಿ ಓಡಿದೆ ಎಂದು ಹಟ ಹಿಡಿಯುವವರನ್ನು ಇದೇ ಮೊದಲು ನೋಡುತ್ತಿದ್ದ. ಇದರಲ್ಲಿ ಇನ್ನೂ ದೊಡ್ಡದೇನೋ ಮುಚ್ಚಿಟ್ಟಿದ್ದಾರೆ ಎನಿಸಿರಬೇಕು. ಮನೆಯಲ್ಲಿ ಕೇಳಿ ಹೇಳುತ್ತೇನೆಂದು ಸ್ಕೂಟರ್ ಹತ್ತಿದವನು ತಿರುಗಿ ನೋಡಲಿಲ್ಲ.

"ಕಾರು ಮುಟ್ಟಿದ್ದು ಯಾರು?" ಎಂದು ಟೈಮಕ್ಕ ಒಳಗೆ ಬಂದಳು. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡರಂತೆ. ದರ್ಜಿ ದಾರವಿಲ್ಲದ ಸೂಜಿಯಲ್ಲೇ ಹೊಲಿಯತೊಡಗಿದ.

"ನಿನ್ನ ಒಳ್ಳೇದಕ್ಕೇ ಮಾಡಿದ್ದು ಕಣೇ. ಶನಿವಾರ ಹತ್ರ ಬಂತು."

"ಬಟ್ಟೆ ಸಾಲದೇ ಹೋದ್ರೆ ನೀವು ಟೇಪ್ ಕತ್ತರಿಸ್ತೀರೇನ್ರೀ?"

ದರ್ಜಿ ಕೊರಳಲ್ಲಿದ್ದ ಅಳತೆಯ ಟೇಪು ತೆಗೆದು ಸುತ್ತಿ ಪಕ್ಕಕ್ಕಿಟ್ಟ.

"ನಾಲ್ಕು ಲಕ್ಷ ಕಿಲೋಮೀಟರ್ ಅಳಿಸಿ ಬಂದಿದೀರಲ್ಲಾ, ಅಷ್ಟು ದಿನ ನಾನು ಮನೇಲಿ ಮಲಗಿದ್ನಾ? ಸೊಂಟ ಬಿದ್ದು ಹೋಗಿದ್ದು ಸುಮ್ನೇನಾ?" ಆಕೆಗೆ ಸಿಟ್ಟಿಗಿಂತ ಹೆಚ್ಚಾಗಿ ದುಃಖವೇ ಆಗಿತ್ತು. ಆತನಿಗೂ ಕಣ್ಣು ತುಂಬಿತು. ಆಮೇಲೆ ಆಕೆ ಮುಖ ತೊಳೆದು, ಬೀಗದ ಕೈ ತೆಗೆದುಕೊಂಡು ಹೊರಟಳು.

ಮೀಟರ್ ಮೇಷ್ಟ್ರು ಬಿಸಿ ಚಹಾ ಊದುತ್ತ ಕೂತಿದ್ದರು.

"ನಿನ್ನೆ ನಮ್ಮ ಮನೆಯವರು ಬಂದಿದ್ರು. ಬಿಳೀ ಕಾರು. ಅದನ್ನ ಮುಂದಕ್ಕೆ ತಿರುಗಿಸ್ಬೇಕು," ಎಂದಳು ಟೈಮಕ್ಕ.

"ಇನ್ನೂ ಹಿಂದಕ್ಕಾ? ಐವತ್ತು ಸಾವಿರಕ್ಕೆ ಇಳಿಸಿದ್ರೆ ಅನುಮಾನ ಬರತ್ತಮ್ಮಾ."

"ಹಿಂದಕ್ಕಲ್ಲ. ಮುಂದಕ್ಕೆ."

ಅವರು ಲೋಟ ಕೆಳಗಿಟ್ಟರು. ಇಪ್ಪತ್ತೆರಡು ವರ್ಷದ ಕಸುಬಿನಲ್ಲಿ ಈ ಮಾತನ್ನು ಯಾರೂ ಆಡಿರಲಿಲ್ಲ. "ಹಿಂದಕ್ಕೆ ತಿರುಗಿಸೋಕೆ ರೇಟಿದೆ, ಮುಂದಕ್ಕೆ ರೇಟೇ ಇಲ್ವಲ್ಲಮ್ಮಾ! ಎಷ್ಟಕ್ಕೆ ಕೂರಿಸ್ಲಿ? ಐದು ಲಕ್ಷ ಅಂತ ರೌಂಡ್ ಮಾಡ್ಬಿಡ್ಲಾ?"

"ರೌಂಡ್ ಗೀಂಡ್ ಬೇಡ. ಅವರು ಮನೆ ಬಿಟ್ಟಾಗ ನಾಲ್ಕು ಲಕ್ಷದ ಎಂಬತ್ತೇಳು ಸಾವಿರದ ಇನ್ನೂರ ಹದಿನಾರಿತ್ತು. ಇಲ್ಲಿಗೆ ಆರು ಕಿಲೋಮೀಟರು. ಇನ್ನೂರ ಇಪ್ಪತ್ತೆರಡರಿಂದ ನೀವು ಕಿತ್ತಿರ್ಬೇಕು."

ಮೇಷ್ಟ್ರು ಲ್ಯಾಪ್‌ಟಾಪಿನಲ್ಲಿ ಹಿಂದಿನ ದಿನದ ಕೆಲಸ ತೆರೆದರು. ಇನ್ನೂರ ಇಪ್ಪತ್ತೆರಡೇ ಇತ್ತು. ಕನ್ನಡಕ ಮೇಲೇರಿಸಿ ಆಕೆಯ ಮುಖ ನೋಡಿದರು.

"ಅದಾದ್ಮೇಲೆ ಐವತ್ತೊಂದು ಓಡಿದೆ. ಕೂಡ್ಸಿ," ಎಂದಳು ಆಕೆ.

ವೈರು ಚುಚ್ಚಿ ಮೇಷ್ಟ್ರು ಕೀಲಿ ಒತ್ತಿದರು. 4,87,273. ಆಕೆಯ ಹನ್ನೆರಡು ವರ್ಷ ವಾಪಸ್ಸು ಬಂತು. ದುಡ್ಡು ಕೊಡಲು ಪರ್ಸು ತೆಗೆದರೆ ಮೇಷ್ಟ್ರು ಕೈ ಚಾಚಲೇ ಇಲ್ಲ. ಬಾನೆಟ್ ತೆಗೆಸಿದರು, ಇಂಜಿನ್ನಿಗೆ ಕಿವಿ ಕೊಟ್ಟರು, ಸೀಟಿನಲ್ಲಿ ಕೂತು ಬ್ರೇಕು ತುಳಿದು ನೋಡಿದರು.

"ಎಷ್ಟಕ್ಕೆ ಕೊಡ್ತೀರಿ?"

"ಯಾರಿಗೆ?"

"ನನಗೇ. ಹೆಂಡ್ತಿ ಮಂಡಿ ಹಿಡ್ಕೊಂಡಿದೆ, ಸ್ಕೂಟರ್ ಹತ್ತೋಕಾಗಲ್ಲ. ಮೂರು ವರ್ಷದಿಂದ ಕಾರು ಹುಡುಕ್ತಿದೀನಿ. ಹದಿನಾಲ್ಕು ನೋಡ್ದೆ. ಹನ್ನೊಂದು ನನ್ನ ಕೈಯವೇ. ಉಳಿದ ಮೂರು ಬೇರೆ ಯಾರ್ದೋ ಕೈ, ಕೆಲಸಾನೂ ನೀಟಿಲ್ಲ. ಈ ಊರಲ್ಲಿ ನಾನು ನಂಬೋ ಮೀಟರ್ ಇದೊಂದೇ ಕಣಮ್ಮಾ."

ಮಾಡಿದ್ದುಣ್ಣೋ ಮಹಾರಾಯ ಎಂದರೆ ಇದೇ. ಟೈಮಕ್ಕನಿಗೆ ನಗು ಉಕ್ಕಿ ಬಂತು, ಆದರೆ ವ್ಯಾಪಾರದ ಹೊತ್ತಲ್ಲಿ ನಕ್ಕರೆ ಬೆಲೆ ಇಳಿಯುತ್ತದೆಂದು ತಡೆದುಕೊಂಡಳು.

"ಒಂದು ಲಕ್ಷದ ಹತ್ತು."

"ಗುಜರಿಯವನು ನಲವತ್ತೆರಡು ಅಂದಿದ್ನಂತೆ. ನಿಮ್ಮ ಯಜಮಾನ್ರೇ ಹೇಳಿದ್ರು. ನಾನು ತೊಂಬತ್ತು ಕೊಡ್ತೀನಿ."

"ಹಾಗಾದ್ರೆ ಆ ಹನ್ನೊಂದರಲ್ಲಿ ಒಂದು ತಗೊಳ್ಳಿ ಮೇಷ್ಟ್ರೇ."

ಮೇಷ್ಟ್ರು ತಲೆ ಕೆರೆದುಕೊಂಡರು, ಕೋಣೆಯೊಳಗೆ ಹೋಗಿ ಬಂದರು, ಮತ್ತೊಮ್ಮೆ ಬ್ರೇಕು ತುಳಿದರು. ಕೊನೆಗೆ ಆ ಬೆಲೆಗೇ ಒಪ್ಪಿ, ನಾಳೆ ಹತ್ತಕ್ಕೆ ಬ್ಯಾಂಕಿನ ಹತ್ತಿರ ಬನ್ನಿ ಎಂದರು. ಟೈಮಕ್ಕ ಕಾರಿನ ದೋಷಗಳನ್ನೂ ಬಿಡದೆ ಹೇಳಿದಳು. ಎಡಗಡೆಯ ಹಿಂದಿನ ಗಾಜು ಅರ್ಧಕ್ಕೇ ನಿಲ್ಲುತ್ತದೆ. ಚಳಿಯ ಬೆಳಿಗ್ಗೆ ಎರಡನೇ ಗೇರು ಮುನಿಸಿಕೊಳ್ಳುತ್ತದೆ, ಬೈಯಬಾರದು, ಎರಡು ಸಲ ಕ್ಲಚ್ ತುಳಿಯಬೇಕು.

ಶುಕ್ರವಾರ ಹತ್ತಕ್ಕೆ ಎರಡು ನಿಮಿಷ ಇರುವಾಗಲೇ ಆಕೆ ಬ್ಯಾಂಕಿನ ಮೆಟ್ಟಿಲ ಮೇಲಿದ್ದಳು. ಹನ್ನೊಂದಕ್ಕೆ ಬೀಗದ ಕೈ ಕೊಟ್ಟಾಯಿತು. ಹನ್ನೆರಡಕ್ಕೆ ಹೊಸ ಕಾರಿನ ಮುಂಗಡ ಕಟ್ಟಿ, ಬಸ್ಸಿನಲ್ಲಿ ಕಿಟಕಿ ಪಕ್ಕ ಕೂತು ಗಂಡನಿಗೆ ಫೋನ್ ಮಾಡಿದಳು.

"ಮಾರಾಯ್ತು ರೀ. ಮುಂಗಡಾನೂ ಕಟ್ಟಿದೆ."

ಆ ಕಡೆ ಹೊಲಿಗೆ ಯಂತ್ರ ನಿಂತಿತು. ದರ್ಜಿ ಅಂಜುತ್ತಲೇ ಕೇಳಿದ, "ಎಷ್ಟು ಓಡಿದೆ ಅಂತ ಹೇಳಿದೆ?"

"ಓಡಿದಷ್ಟೂ," ಎಂದಳು ಟೈಮಕ್ಕ.