ಹೊಗೆಯ ಬೆಟ್ಟಕ್ಕೆ ಒಯ್ದ ನಿಂಬೆಹಣ್ಣು

ಶುಕ್ರವಾರ ಬೆಳಿಗ್ಗೆ ಆರು ಗಂಟೆಗೆ ಬಹ್ರೈನಿನ ಗುದೈಬಿಯಾದಲ್ಲಿರುವ ಮಗನ ಮನೆಯಿಂದ ಹೊರಟೆವು. ಟ್ಯಾಕ್ಸಿಯ ಹಸನ್ ಬ್ಯಾರಿ ಅದಕ್ಕೂ ಮೊದಲೇ ಬಂದು ಕೆಳಗೆ ಗಾಜು ಒರೆಸುತ್ತ ನಿಂತಿದ್ದ. ಉಡುಪಿಯಲ್ಲಿ ಹೆಣ್ಣುಮಕ್ಕಳ ಹಾಸ್ಟೆಲನ್ನು ನಿವೃತ್ತಿಯವರೆಗೆ ಗಂಟೆ ಬಾರಿಸಿಯೇ ನಡೆಸಿದವಳು ನಾನು. ಹೊತ್ತಿಗೆ ಸರಿಯಾಗಿ ಬರುವವರನ್ನು ಕಂಡರೆ ನನಗೆ ಅರ್ಧ ಪರಿಚಯವಾದ ಹಾಗೆ.

"ನಿಮ್ಮ ವಿಷಯ ನಿಮ್ಮ ಮಗ ಗುರು ಹೇಳಿದ್ದಾರೆ ಅಮ್ಮ," ಎಂದ ಹಸನ್. ಅವನ ಊರು ಉಳ್ಳಾಲ. "ತಡ ಆದ್ರೆ ಬೆಂಚಿನ ಮೇಲೆ ನಿಲ್ಲಿಸ್ತೀರಂತೆ. ಈ ಪ್ರಾಯದಲ್ಲಿ ನನಗೆ ಅದು ಆಗ್ಲಿಕ್ಕಿಲ್ಲ."

ದಿನದ ಬಾಡಿಗೆ ಹತ್ತು ದಿನಾರ್ ಎಂದು ಮಾತಾಗಿತ್ತು. ಅದನ್ನು ರೂಪಾಯಿಗೆ ತಿರುಗಿಸಿ ನೋಡಬಾರದೆಂದು ಮಗ ಗುರುರಾಜ ಹಿಂದಿನ ದಿನವೇ ತಾಕೀತು ಮಾಡಿದ್ದ. ನೀರಿನ ಕ್ಯಾನು, ಚಾಪೆ, ಕೊಡೆ, ಚಿತ್ರಾನ್ನ ಮತ್ತು ಮೊಸರನ್ನದ ಡಬ್ಬಿಗಳನ್ನು ಹಿಂದೆ ಇಟ್ಟೆವು. ಒಂದು ಚೀಲ ನಿಂಬೆಹಣ್ಣನ್ನು ಮಾತ್ರ ನಾನು ಮಡಿಲಲ್ಲೇ ಇಟ್ಟುಕೊಂಡೆ. ಬೆಟ್ಟದ ದಾರಿ ಎಂದು ಮಗ ಹೇಳಿದ್ದನಲ್ಲ. ಆಗುಂಬೆ ಘಾಟಿಯಲ್ಲಿ ಹಾಸ್ಟೆಲಿನ ಹುಡುಗಿಯರನ್ನು ಪ್ರವಾಸಕ್ಕೆ ಕರೆದೊಯ್ದವರಿಗೆ ನಿಂಬೆಹಣ್ಣಿನ ಬೆಲೆ ಗೊತ್ತು. ಗುರು ಚೀಲ ನೋಡಿ ನಕ್ಕ.

ಊರು ನೋಡುವುದು ಒಂದು ನೆಪ. ನಿಜವಾದ ಕೆಲಸ ಬೇರೆ ಇತ್ತು. ನನ್ನ ತಂಗಿಯ ಮಗಳು ವಾಸಂತಿಗೆ ಬ್ರಹ್ಮಾವರದ ಕಡೆಯ ಒಂದು ಸಂಬಂಧ ಬಂದಿತ್ತು. ಹುಡುಗ ಶ್ರೀಧರ ಉಪಾಧ್ಯ. ಅವನ ತಂದೆ ಊರಿನ ದೇವಸ್ಥಾನದಲ್ಲಿ ನೈವೇದ್ಯದ ಅಡಿಗೆ ಮಾಡುವವರು. ಹುಡುಗ ಬಹ್ರೈನಿನ ಮರುಭೂಮಿಯಲ್ಲಿ ರಸ್ತೆ ಕಂಟ್ರಾಕ್ಟರೊಬ್ಬರ ಕ್ಯಾಂಪಿನಲ್ಲಿದ್ದಾನೆ, ಮೆಸ್ಸಿನ ಮೇಲ್ವಿಚಾರಕ, ಉಗ್ರಾಣದ ಬೀಗದಕೈ ಅವನದೇ ಸೊಂಟದಲ್ಲಿ ಎಂದು ಅವನ ತಾಯಿ ಹೇಳಿದ್ದರು. "ಅಕ್ಕ, ನೀವು ನೋಡಿ ಹೂಂ ಅಂದ್ರೆ ಆಯ್ತು," ಎಂದು ತಂಗಿ ಭಾರವನ್ನೆಲ್ಲ ನನ್ನ ಮೇಲೆ ಹಾಕಿದ್ದಳು. ನಮ್ಮ ಮನೆತನದಲ್ಲಿ ಒಂದು ಕಟ್ಟಳೆ ಉಂಟು. ಸಂಬಂಧ ಒಪ್ಪಿಗೆಯಾಗುವವರೆಗೆ ಹುಡುಗನ ಕಡೆ ಪಾನಕ ಕುಡಿಯಬಹುದು, ಎಲೆಗೆ ಕೂರುವ ಹಾಗಿಲ್ಲ. ಡಬ್ಬಿಗಳಲ್ಲಿ ಊಟ ತುಂಬಿಸಿಕೊಂಡದ್ದು ಅದಕ್ಕೇ.

ರಿಫಾ ಪಟ್ಟಣ ದಾಟಿದ ಮೇಲೆ ಮನೆಗಳು ಮುಗಿದವು. ಆಮೇಲೆ ಕಂಡದ್ದಕ್ಕೆ ನಾನು ಸಿದ್ಧಳಿರಲಿಲ್ಲ. ಮರಳುಗಾಡೆಂದರೆ ನಮ್ಮ ಮಲ್ಪೆಯ ಹೊಯಿಗೆಯನ್ನು ಹತ್ತಾರು ಮೈಲಿ ಹಾಸಿದಂತೆ ಇರಬಹುದೆಂದು ಎಣಿಸಿದ್ದೆ. ಇಲ್ಲಿ ಇದ್ದದ್ದು ಬೂದುಬಣ್ಣದ ಗಟ್ಟಿ ನೆಲ, ಚೂಪು ಕಲ್ಲು, ನಡುನಡುವೆ ಮೊಣಕಾಲೆತ್ತರದ ಮುಳ್ಳುಗಿಡ. ರಸ್ತೆಯ ಬದಿಯಲ್ಲೇ ಎಣ್ಣೆಯ ಕೊಳವೆಗಳು ಬೇಲಿಯಿಲ್ಲದೆ, ಕಾವಲಿಲ್ಲದೆ ಮಲಗಿದ್ದವು. ಎಣ್ಣೆಬಾವಿಗಳ ಮೇಲೆ ಕಬ್ಬಿಣದ ಯಂತ್ರಗಳು ನೀರು ಕುಡಿಯುವ ಕೋಳಿಯಂತೆ ತಲೆ ತಗ್ಗಿಸಿ ಎತ್ತುತ್ತಿದ್ದವು. ಹತ್ತಿರ ಒಬ್ಬ ಮನುಷ್ಯನೂ ಇರಲಿಲ್ಲ.

"ಇಲ್ಲಿ ಕುಡಿಯುವ ನೀರಿಗಿಂತ ಪೆಟ್ರೋಲ್ ಸಸ್ತಾ ಅಮ್ಮ," ಎಂದ ಹಸನ್. "ಬಾಯಾರಿಕೆ ಆದ್ರೆ ಮಾತ್ರ ಅದು ಪ್ರಯೋಜನಕ್ಕಿಲ್ಲ."

"ಬೆಟ್ಟ ಎಲ್ಲಿ?" ಎಂದು ಕೇಳಿದೆ. ಘಾಟಿ ಶುರುವಾಗುವ ಮೊದಲೇ ನಿಂಬೆಹಣ್ಣು ಹಂಚಬೇಕಿತ್ತು.

"ಎದುರಿಗೇ ಉಂಟಲ್ಲ."

ಎದುರಿಗೆ ಇದ್ದದ್ದು ಕಂದು ಬಣ್ಣದ ಒಂದು ದಿಣ್ಣೆ. ದೇಶಕ್ಕೆಲ್ಲ ಎತ್ತರದ ಜಾಗ ಅದೇ ಅಂತೆ. ನಾಲ್ಕು ನೂರು ಅಡಿಯ ಮೇಲೆ ಸ್ವಲ್ಪ. ಕಾರ್ಕಳದ ಗೊಮ್ಮಟನ ಬೆಟ್ಟವನ್ನು ಪಕ್ಕದಲ್ಲಿ ನಿಲ್ಲಿಸಿದರೆ ಅಣ್ಣತಮ್ಮಂದಿರ ಹಾಗೆ ಕಂಡೀತು. ಗುರು ಮುಖ ಆಚೆ ತಿರುಗಿಸಿ ನಗುತ್ತಿದ್ದ. ಬೆಳಗಿನ ನಗುವಿನ ಅರ್ಥ ಆಗ ತಿಳಿಯಿತು.

"ಜಬಲ್ ದುಖಾನ್ ಅಂತ ಹೆಸರು," ಎಂದ ಹಸನ್, ಸ್ವಲ್ಪ ಬೇಸರದಿಂದ. "ದುಖಾನ್ ಅಂದ್ರೆ ಹೊಗೆ. ಹೊಗೆಯ ಬೆಟ್ಟ. ನಗ್ಬೇಡಿ, ಇವರಿಗೆ ಇದು ದೊಡ್ಡದು."

"ಹೊಗೆ ಎಲ್ಲಿ?"

"ಸೆಕೆಯ ದಿನ ಮಬ್ಬು ಮುಚ್ಚಿಕೊಳ್ತದೆ, ಹೊಗೆ ಹಾಗೆ ಕಾಣ್ತದೆ. ಈಗ ಚಳಿ ಅಲ್ವಾ."

ಕಾರು ನಿಲ್ಲಿಸಿ ಹತ್ತಿದೆವು. ನನಗೆ ಉಸಿರು ಕಟ್ಟಲಿಲ್ಲ. ಉಸಿರು ಕಟ್ಟಿದ್ದು ಮೇಲೆ ನಿಂತು ನೋಡಿದಾಗ. ಎರಡೂ ಕಡೆ ಸಮುದ್ರ ಕಾಣುತ್ತಿತ್ತು. ಒಂದು ದೇಶವನ್ನು ಶಾಲೆಯ ಮೈದಾನದಂತೆ ಈ ಬದಿಯಿಂದ ಆ ಬದಿಗೆ ಒಂದೇ ನೋಟದಲ್ಲಿ ನೋಡಬಹುದೆಂದು ನಾನು ಯಾವ ಭೂಗೋಳದ ಪಾಠದಲ್ಲೂ ಓದಿರಲಿಲ್ಲ. ಪಶ್ಚಿಮದಲ್ಲಿ ನೀರಿನ ನಡುವೆ ಕಂಬಗಳ ಒಂದು ಸಾಲು ಮಸುಕಾಗಿ ಕಂಡಿತು. ಸೌದಿಗೆ ಸಮುದ್ರದ ಮೇಲೆಯೇ ಸೇತುವೆ ಕಟ್ಟುತ್ತಿದ್ದಾರೆ ಎಂದ ಗುರು. ನಮ್ಮಲ್ಲಿ ಹೊಳೆಯ ಸೇತುವೆಗೇ ವರ್ಷಗಟ್ಟಲೆ ಕಾಯುತ್ತೇವೆ. ನಾನು ಕೆಳಗಿಳಿದೆ.

ಅಲ್ಲಿಂದ ಸ್ವಲ್ಪ ದೂರದಲ್ಲಿ, ಬಹ್ರೈನಿಗೆ ಬಂದವರೆಲ್ಲ ನೋಡಲು ಹೋಗುವ ಪ್ರಸಿದ್ಧ ಮರ. ಸುತ್ತ ಕಣ್ಣು ಹಾಯಿಸಿದಷ್ಟು ದೂರ ಇನ್ನೊಂದು ಮರವಿಲ್ಲ, ನೀರಿನ ಸುಳಿವಿಲ್ಲ. ಒಂದೇ ಒಂದು ಮರ ಕೊಂಬೆಗಳನ್ನು ನೆಲಕ್ಕೆ ಊರಿಕೊಂಡು ಹಸಿರಾಗಿ ನಿಂತಿದೆ. ನಮ್ಮ ಬನ್ನಿಮರದ ಹತ್ತಿರದ ಜಾತಿ, ಎಲೆ ನೋಡಿದರೆ ತಿಳಿಯುತ್ತದೆ. ನೂರಾರು ವರ್ಷದ್ದು, ಅದರ ನೀರು ಎಲ್ಲಿಂದ ಬರುತ್ತದೆಂದು ಯಾರಿಗೂ ಖಚಿತವಿಲ್ಲ ಎಂದರು. ಕಾಂಡದ ಮೇಲೆ ಬಂದವರೆಲ್ಲ ಹೆಸರು ಕೊರೆದಿದ್ದರು. ಅರಬ್ಬಿ, ಇಂಗ್ಲಿಷ್, ಮಲಯಾಳ. ಅವುಗಳ ಕೆಳಗೆ ದುಂಡಗಿನ ಕನ್ನಡ ಅಕ್ಷರದಲ್ಲಿ 'ರಮೇಶ, ಪಡುಬಿದ್ರಿ'. ಮರುಭೂಮಿಯ ನಡುವೆ ನಮ್ಮ ಲಿಪಿ ಕಂಡರೆ ಸಂತೋಷವಾಗಬೇಕಿತ್ತು. ನನಗೆ ಬೆತ್ತ ಬೇಕೆನಿಸಿತು.

ಮರದಡಿಯಲ್ಲಿ ಚಾಪೆ ಹಾಸಿ ಫ್ಲಾಸ್ಕಿನ ಕಾಫಿ ಬಗ್ಗಿಸಿದೆ. ಹಸನ್ ಕಾಫಿ ಹೀರುತ್ತ, "ಮಧ್ಯಾಹ್ನಕ್ಕೆ ಶ್ರೀಧರನ ಕ್ಯಾಂಪಿಗೆ ಅಲ್ವಾ? ಅವನ ಕೈಯಲ್ಲಿ ಎಂತದೋ ಉಂಟು ಅಮ್ಮ," ಎಂದ. "ಶುಕ್ರವಾರದ ಅವನ ಕುರಿ ಬಿರಿಯಾನಿ ತಿನ್ಲಿಕ್ಕೆ ಅಷ್ಟು ದೂರದ ಹಿದ್ದ್ ಊರಿನಿಂದಲೂ ಡ್ರೈವರ್‌ಗಳು ಬರ್ತಾರೆ. ನನ್ನ ಹೆಂಡತಿಗೆ ಹೇಳ್ಬೇಡಿ, ಅವಳದ್ದಕ್ಕಿಂತ ಒಳ್ಳೇದು."

ನಾನು ಗುರುವಿನ ಕಡೆ ತಿರುಗಿದೆ. ಗುರು ಮರದ ಕೊಂಬೆ ನೋಡುತ್ತಿದ್ದ. ಹಸನ್ ನಮ್ಮಿಬ್ಬರ ಮುಖ ನೋಡಿ ಲೋಟ ಕೆಳಗಿಟ್ಟ.

"ನಿನಗೆ ಗೊತ್ತಿತ್ತಾ?" ಎಂದು ಮಗನನ್ನು ಕೇಳಿದೆ.

"ಗೊತ್ತಿತ್ತಮ್ಮ. ಅದನ್ನು ಅವನೇ ಹೇಳ್ಬೇಕು ಅಂತ ಸುಮ್ಮನಿದ್ದೆ. ತಿರುಗಿ ಮನೆಗೆ ಹೋಗುವುದಾ?"

ನೈವೇದ್ಯದ ಅಡಿಗೆಯವರ ಮಗ. ಉಗ್ರಾಣದ ಬೀಗದಕೈ. ಆ ತಾಯಿಯ ಮಾತು ಒಂದೊಂದಾಗಿ ನೆನಪಾಯಿತು. ಆದರೆ ಹೊರಟ ಕಡೆಗೆ ಹೋಗದೆ ಹಿಂದಿರುಗಿದ ಅಭ್ಯಾಸ ನನಗಿಲ್ಲ. "ಹೋಗುವ," ಎಂದೆ. "ನನಗೆ ಗೊತ್ತಾಗಿದೆ ಅಂತ ಅವನಿಗೆ ಇಬ್ಬರೂ ಹೇಳಬಾರದು. ಅವನು ತಾನಾಗಿ ಹೇಳ್ತಾನೋ ಇಲ್ಲವೋ ನೋಡಬೇಕು."

"ನನ್ನ ಬಾಯಿಗೆ ಬೀಗ," ಎಂದ ಹಸನ್. "ಹಾಕಬೇಕಾದ್ದು ಸ್ವಲ್ಪ ಮೊದಲು ಇತ್ತು."

ಕ್ಯಾಂಪು ಬೆಟ್ಟದ ಬುಡದಲ್ಲೇ ಇತ್ತು. ಮುಂಜಾನೆ ನಾವು ಹತ್ತಿದ್ದು ಅದರ ಆಚೆ ಬದಿ. ತಗಡಿನ ಉದ್ದುದ್ದ ಕೋಣೆಗಳು, ಹಗ್ಗದ ಮೇಲೆ ಒಣಗುವ ಬಟ್ಟೆಗಳು, ಕೊನೆಯಲ್ಲಿ ಅಡಿಗೆಯ ಶೆಡ್ಡು. ಶ್ರೀಧರ ದಾರಿಗೇ ಬಂದು ನಿಂತಿದ್ದ. ಮೂವತ್ತರ ಒಳಗಿನ, ಸಪೂರದ ಹುಡುಗ. ಹಣೆಯಲ್ಲಿ ಗೋಪೀಚಂದನದ ಗೀಟು. ನನ್ನ ಕಾಲಿಗೆ ನಮಸ್ಕರಿಸಿದ. ಅವನ ಕೋಣೆ ನನ್ನ ಹಾಸ್ಟೆಲಿನ ಪರೀಕ್ಷೆಗೂ ಸಲ್ಲುವಷ್ಟು ಚೊಕ್ಕಟವಿತ್ತು. ಮೂಲೆಯಲ್ಲಿ ಸೀಮೆಎಣ್ಣೆಯ ಸ್ಟವ್, ತೊಳೆದು ಬೋರಲು ಹಾಕಿದ ಪಾತ್ರೆಗಳು, ಗೋಡೆಯಲ್ಲಿ ಕೃಷ್ಣನ ಪಟ.

ನಮ್ಮ ನಿಂಬೆಹಣ್ಣಿನದೇ ಪಾನಕ ಮಾಡಿಕೊಟ್ಟ. ಕುಡಿದೆ. ಊರಿನ ಮಳೆ, ತಾಯಿಯ ಸೊಂಟನೋವು, ವಾಸಂತಿಯ ಬಿ.ಎ. ಪರೀಕ್ಷೆ, ಎಲ್ಲ ವಿಚಾರಿಸಿದ. ನಾನು ಬೇಕೆಂದೇ ದಾರಿ ಮಾಡಿಕೊಟ್ಟೆ.

"ಕೆಲಸ ಹೇಗೆ ಉಂಟು?"

"ಪರವಾಗಿಲ್ಲ ಅಮ್ಮ."

"ಎಂತ ಎಂತ ನೋಡಿಕೊಳ್ಳಬೇಕು?"

"ಸಾಮಾನು ತರಿಸುವುದು... ಜನ ತುಂಬ ಇದ್ದಾರೆ." ಅಷ್ಟೇ. ಅವನ ಕಣ್ಣು ನೆಲ ನೋಡಿತು. ಹಸನ್ ಎದ್ದು ಹೊರಗೆ ಹೋದ.

ಮತ್ತೆರಡು ಸಲ ದಾರಿ ಮಾಡಿಕೊಟ್ಟೆ. ಅವನು ಆ ದಾರಿಗೆ ಬರಲಿಲ್ಲ. "ಊಟ ಮಾಡಿಕೊಂಡು ಹೋಗಿ, ಇದೇ ಸ್ಟವ್‌ನಲ್ಲಿ ಮಡಿಯಲ್ಲೇ ಅನ್ನ ಸಾರು ಮಾಡಿದ್ದೇನೆ. ಬಾಳೆಲೆ ಸಹ ಮನಾಮದಿಂದ ತರಿಸಿದ್ದೇನೆ," ಎಂದ. "ಬೇಡ, ಬುತ್ತಿ ತಂದಿದ್ದೇವೆ," ಎಂದು ಎದ್ದೆ. ನನ್ನ ಮಟ್ಟಿಗೆ ಸಂಬಂಧ ಅಲ್ಲಿಗೆ ಮುಗಿದಿತ್ತು. ಸುಳ್ಳು ಹೇಳಿದವನಿಗಿಂತ ಸತ್ಯದ ಪಕ್ಕದಲ್ಲೇ ನಿಂತು ಬಾಯಿ ಮುಚ್ಚಿದವನ ಮೇಲೆ ನನಗೆ ಹೆಚ್ಚು ಸಿಟ್ಟು.

ಕಾರಿನ ಬಾಗಿಲು ತೆರೆದಿದ್ದೆ. ಹಿಂದಿನಿಂದ ಓಡಿಬಂದ.

"ಅಮ್ಮ, ಅಡಿಗೆಶಾಲೆ ನೋಡಿ ಹೋಗಿ."

"ಯಾಕೆ?"

"ನೋಡದೆ ಹೋದ್ರೆ ನಾನು ಮೋಸ ಮಾಡಿದ ಹಾಗೆ ಆಗ್ತದೆ."

ಶೆಡ್ಡಿನ ಬಾಗಿಲಲ್ಲಿ ನಿಂತೆ. ಕೊಕ್ಕೆಗಳಿಂದ ಚರ್ಮ ಸುಲಿದ ಕುರಿಗಳು ತಲೆಕೆಳಗಾಗಿ ನೇತಾಡುತ್ತಿದ್ದವು. ಹೆಂಗಸೊಬ್ಬಳು ಕಾಲು ಚಾಚಿ ಕೂರುವಷ್ಟು ಅಗಲದ ಹಂಡೆಗಳಡಿ ಹಳೆಯ ಹಲಗೆಗಳ ಬೆಂಕಿ ಉರಿಯುತ್ತಿತ್ತು. ಆ ವಾಸನೆ ಮುಖಕ್ಕೆ ಹೊಡೆದು, ಇಡೀ ದಿನದಲ್ಲಿ ಮೊದಲ ಬಾರಿ ನನಗೆ ಹೊಟ್ಟೆ ತೊಳಸಿತು. ಸೆರಗಿನಿಂದ ಮೂಗು ಮುಚ್ಚಿಕೊಂಡೆ.

"ಉಗ್ರಾಣಕ್ಕೆ ಅಂತಲೇ ಬಂದದ್ದು ಅಮ್ಮ," ಎಂದ ಶ್ರೀಧರ. "ಮೊದಲಿದ್ದ ಅಡಿಗೆಯವ ಬಿಟ್ಟು ಹೋದ. ನಿನಗೆ ಅಡಿಗೆ ಗೊತ್ತಲ್ಲ, ಮಾಡು, ಇಲ್ಲದಿದ್ರೆ ಊರಿಗೆ ಹೋಗು ಅಂದ್ರು. ಅಪ್ಪನಿಗೆ ಗೊತ್ತಿಲ್ಲ. ಊರಲ್ಲಿ ಗೊತ್ತಾದ್ರೆ ಅವರನ್ನು ದೇವಸ್ಥಾನದ ಅಡಿಗೆಗೆ ಸೇರಿಸುವುದಿಲ್ಲ. ಅದಕ್ಕೇ ಬಾಯಿ ಬರ್ಲಿಲ್ಲ. ಆದ್ರೆ ಮದುವೆ ಆಗುವವಳಿಗೆ ಗೊತ್ತಿರಬೇಕಲ್ಲ."

"ತಿನ್ತೀಯಾ?"

"ಇಲ್ಲ. ಬಾಯಿಗೆ ಇಟ್ಟಿಲ್ಲ."

"ಹಾಗಾದ್ರೆ ಉಪ್ಪು ಖಾರ ಹೇಗೆ ಗೊತ್ತಾಗ್ತದೆ?"

"ನೈವೇದ್ಯದ ಅಡಿಗೆಗೆ ಯಾರಮ್ಮ ರುಚಿ ನೋಡ್ತಾರೆ? ಕೈ ಅಳತೆ, ಹಬೆಯ ವಾಸನೆ, ಅಷ್ಟೇ. ಅಪ್ಪ ಕಲಿಸಿದ್ದು ಅದೇ."

"ದೇವರನ್ನು ಇಲ್ಲಿಗೆ ತರಬೇಡ," ಎಂದೆ. ನನ್ನ ದನಿ ಗಡುಸಾಗಿಯೇ ಬಂತು. ಅವನು ತಲೆ ತಗ್ಗಿಸಿದ. ಆದರೆ ಅವನು ಹೇಳಿದ್ದು ಸುಳ್ಳಲ್ಲವೆಂದು ನನಗೆ ಗೊತ್ತಿತ್ತು. ಕುರಿಯ ಹಂಡೆಯ ಮುಂದೆ ನೈವೇದ್ಯದ ವಿದ್ಯೆ. ಆ ಆಘಾತ ಇನ್ನೂ ಪೂರ್ತಿ ಇಳಿದಿಲ್ಲ.

ಅಷ್ಟರಲ್ಲಿ ಖಾನ್ ಎಂಬ ಎತ್ತರದ ಪಠಾಣನೊಬ್ಬ ಬಂದು ಮುಚ್ಚಳ ಸರಿಸಿ, ಸೌಟಿನಿಂದ ಅಂಗೈಗೆ ಬಿಟ್ಟುಕೊಂಡು ನೆಕ್ಕಿದ. "ಏಕ್ ನಂಬರ್, ಪಂಡಿತ್‌ಜೀ," ಎಂದ. ಮಾಂಸ ಕೊಯ್ಯುವುದು, ತೊಳೆಯುವುದು ಎಲ್ಲ ಆ ಖಾನ್‌ನದೇ ಕೆಲಸವಂತೆ. ನನ್ನನ್ನು ಕಂಡು ಹಿಂದಿಯಲ್ಲಿ ಹೇಳಿದ, "ಮಾಜೀ, ಮೊದಲ ದಿನ ಇವನು ಒಗ್ಗರಣೆಗಿಂತ ಹೆಚ್ಚು ವಾಂತಿ ಮಾಡಿದ. ತಲೆ ಹಿಡಿದದ್ದು ನಾನು. ಈಗ ನೋಡಿ, ಜೇಬಿನಲ್ಲಿ ತಾಯತ ಇಟ್ಟುಕೊಂಡು ನಿಲ್ತಾನೆ."

"ಎಂತ ತಾಯತ?"

ಶ್ರೀಧರ ಸಂಕೋಚದಿಂದ ಅಂಗಿಯ ಜೇಬಿಗೆ ಕೈಹಾಕಿ ತೆಗೆದ. ಅರ್ಧ ಬಾಡಿದ ಒಂದು ನಿಂಬೆಹಣ್ಣು, ಉಗುರಿನ ಗೀರು ಬಿದ್ದದ್ದು.

"ಘಾಟಿ ಹತ್ತುವಾಗ ಮೂಸ್ತೇವಲ್ಲ ಅಮ್ಮ. ಹಾಗೆ. ಮಾಂಸ ಹಂಡೆಗೆ ಬೀಳುವಾಗ ಮಾತ್ರ."

ನಾನು ಅವನನ್ನೂ ಹಂಡೆಯನ್ನೂ ಆ ನಿಂಬೆಹಣ್ಣನ್ನೂ ನೋಡಿದೆ. ಬೆಳಿಗ್ಗೆಯಿಂದ ಘಾಟಿ ಎಲ್ಲಿ ಎಂದು ಹುಡುಕುತ್ತಿದ್ದೆ. ಈ ಹುಡುಗ ದಿನಾ ಹತ್ತುತ್ತಿದ್ದ.

ಗುರು ಕಾರಿನ ಬಳಿ ಕಾಯುತ್ತಿದ್ದ. "ಬುತ್ತಿ ತೆಗೀಲಾ ಅಮ್ಮ?" ಎಂದ.

"ಅದು ಸಂಜೆಗೆ ಆಗ್ತದೆ," ಎಂದು ಹೇಳಿ ಶ್ರೀಧರನ ಕಡೆ ತಿರುಗಿದೆ. "ಹನ್ನೆರಡೂವರೆ ನನ್ನ ಊಟದ ಹೊತ್ತು. ಎಲೆ ಹಾಕು."

ಅವನಿಗೆ ನಮ್ಮ ಮನೆತನದ ಕಟ್ಟಳೆ ಗೊತ್ತಿರಲಿಲ್ಲ. ಗುರುವಿಗೆ ಗೊತ್ತಿತ್ತು. ಕೈಕಾಲು ತೊಳೆಯಲು ಹೋದ ಗುರು ಬಹಳ ಹೊತ್ತು ನಲ್ಲಿಯ ಹತ್ತಿರವೇ ನಿಂತಿದ್ದ. ಅನ್ನ, ಹುರುಳಿ ಸಾರು, ಸೌತೆಕಾಯಿ ಮಜ್ಜಿಗೆಹುಳಿ. ಸಾರಿಗೆ ಉಪ್ಪು ಸರಿಯಾಗಿತ್ತು. ಹಸನ್ ಖಾನ್‌ನ ಜೊತೆ ಶೆಡ್ಡಿನಲ್ಲಿ ಉಂಡ.

ಬಿಸಿಲು ಇಳಿದ ಮೇಲೆ ಹೊರಡುವಾಗ ಉಳಿದ ನಿಂಬೆಹಣ್ಣುಗಳ ಚೀಲವನ್ನು ಶ್ರೀಧರನ ಕೈಗೆ ಕೊಟ್ಟೆ.

ಸಮುದ್ರದ ಬದಿಯ ದಾರಿಯಾಗಿ, ಜಲ್ಲಾಕ್ ಎಂಬ ಊರಿನ ಮೇಲೆ ಹಿಂದಿರುಗಿದೆವು. ಗಾಳಿ ತಣ್ಣಗಿತ್ತು. ಗುರು, "ವಾಸಂತಿಗೆ ಎಂತ ಹೇಳ್ತಿ?" ಎಂದು ಕೇಳಿದ.

"ಎಲ್ಲ. ಕುರಿ, ಹಂಡೆ, ಖಾನ್. ಅವಳಿಗೊಬ್ಬಳಿಗೇ. ಕೇಳಿದ ಮೇಲೆ ಅವಳು ಬೇಡ ಅಂದ್ರೆ ಬೇಡ."

"ಅವನ ಅಪ್ಪನಿಗೆ?"

"ಅದನ್ನು ಹೇಳಬೇಕಾದವ ಅವನು. ಇವತ್ತು ಅಭ್ಯಾಸ ಶುರುವಾಯ್ತಲ್ಲ."

"ನೀವು ಎಂತ ಹೇಳ್ತೀರಿ ಅಮ್ಮ?" ಎಂದ ಹಸನ್ ಕನ್ನಡಿಯಲ್ಲಿ ನನ್ನನ್ನು ನೋಡುತ್ತ.

"ನಾನು ಊಟ ಮಾಡಿ ಆಯ್ತಲ್ಲ."

ದಾರಿ ತಿರುಗುವ ಕಡೆ ಹಿಂದೆ ನೋಡಿದೆ. ದಿಣ್ಣೆ ಸಂಜೆಯ ಬಿಸಿಲಿನಲ್ಲಿ ಕೆಂಪಗಿತ್ತು. ಬೆಳಿಗ್ಗೆ ನಾನು ಹುಡುಕಿ ಕಾಣದ ಹೊಗೆ ಈಗ ಅದರ ಬುಡದಿಂದ ಒಂದೇ ಎಳೆಯಾಗಿ ನೇರ ಮೇಲೇರುತ್ತಿತ್ತು. ರಾತ್ರಿಯ ಊಟಕ್ಕೆ ಬೆಂಕಿ ಹಾಕಿಯಾಗಿತ್ತು.