ಬಜಿ ಎಣ್ಣೆಯಲ್ಲಿ ಅದ್ದಿದ ಮೀಟರು

ಸವಣೂರಿನ ವೀಳ್ಯದೆಲೆ ವ್ಯಾಪಾರದ ಸಾಹುಕಾರರ ಬಳಿ ಎರಡೇ ಸೀಟಿನ, ನೆತ್ತಿ ತೆರೆದ ಓಟದ ಕಾರೊಂದಿತ್ತು. ಯುದ್ಧಕ್ಕೆ ಮುಂಚೆ ಪುಣೆಯ ದೊರೆಯೊಬ್ಬ ವಿಲಾಯತಿಗೆ ಹೊರಟಾಗ ಮಾರಿದ್ದು. ಅದರ ಎಂಜಿನ್ ಬಿಚ್ಚಿ ಹೊಸ ಬೇರಿಂಗ್ ಹಾಕಿದವನು ನಾನು. ನಾಲ್ಕನೇ ಇಯತ್ತೆಗೆ ಶಾಲೆ ಬಿಟ್ಟವನಾದರೂ, ನಾನು ಮುಟ್ಟಿದ ಎಂಜಿನ್ ಮತ್ತೊಬ್ಬರ ಶೆಡ್ಡಿಗೆ ಹೋದದ್ದಿಲ್ಲ.

ತಿಂಗಳಾಗಿರಲಿಲ್ಲ, ಸಾಹುಕಾರರು ಮುಂಬೈಯಿಂದ ತರಿಸಿದ ಡಬ್ಬಿಯೊಂದನ್ನು ನನ್ನ ಮುಂದಿಟ್ಟರು. ಎಂಜಿನ್ ಎಣ್ಣೆಯ ಬಿಸಿ ತೋರಿಸುವ ಮೀಟರು. ಹಿಂಬದಿಯಿಂದ ತಾಮ್ರದ ಸಣ್ಣ ನಳಿಗೆ, ಅದರ ತುದಿಗೆ ಬೆರಳ ಗಾತ್ರದ ಗುಂಡು.

"ಇದನ್ನ ಕೂಡಸ್ರಿ ಮೇಸ್ತ್ರಿ. ನೀವು ಬೇರಿಂಗ್ ಹಾಕಿದಾಗಿಂದ ಎಂಜಿನ್ ಭಾಳ ಕಾಯಾಕತ್ತೈತಿ ಅನಸ್ತೈತಿ. ಮುಳ್ಳು ಹೌದಂದ್ರ ಗಾಡಿ ಹುಬ್ಬಳ್ಳಿ ಮೇಸ್ತ್ರಿ ಕಡೆ ಕಳಸ್ತೇನಿ."

ನನ್ನ ಕೆಲಸಕ್ಕೆ ಸಾಕ್ಷಿ ಹೇಳಲು ಬಂದ ಈ ಮೀಟರನ್ನು ನಂಬುವುದು ಹೇಗೆ? ಮುಂಬೈಯ ಅಂಗಡಿಯವನು ಹಳೆಯ ಮಾಲನ್ನೇ ಒರೆಸಿ ಕಳಿಸಿರಬಹುದು. ಕೂಡಿಸುವ ಮೊದಲೇ ಪರೀಕ್ಷೆ ಮಾಡಬೇಕೆಂದುಕೊಂಡೆ. ಎಣ್ಣೆಯ ಮೀಟರಿಗೆ ಎಣ್ಣೆಯಲ್ಲೇ ಪರೀಕ್ಷೆ ಅಲ್ಲವೇ? ಶೆಡ್ಡಿನ ಎದುರಿಗೇ ಮೆಣಸಿನಕಾಯಿ ಬಜಿ ಕರಿಯುವ ಅಕ್ಕನ ಬಾಣಲೆ ಕಾಯುತ್ತಿತ್ತು. ಗುಂಡನ್ನು ಅದರಲ್ಲಿ ಅದ್ದಿದೆ.

"ಏನೋ ತಮ್ಮಾ, ನನ್ನ ಎಣ್ಣಿಗೆ ಜ್ವರ ಬಂದೈತೇನು?" ಎಂದು ಅಕ್ಕ ನಕ್ಕಳು.

ಮುಳ್ಳು ಭರ್ರನೆ ಏರಿ, ಕೊನೆಯ ಅಂಕಿ ದಾಟಿ, ಅಂಚಿಗೆ ಬಡಿದು ನಿಂತಿತು. ಮೀಟರು ಸತ್ತಿಲ್ಲ ಎಂದಷ್ಟೇ ತಿಳಿದುಕೊಂಡು ಗುಂಡನ್ನು ಒರೆಸಿದೆ; ಮುಳ್ಳು ಪೂರಾ ಕೆಳಗಿಳಿಯಿತೇ ಎಂದು ನೋಡಲಿಲ್ಲ. ಆಮೇಲೆ ಎಂಜಿನ್ ತಳದಲ್ಲಿ ಎಣ್ಣೆ ಇಳಿಸುವ ಬಿರಡೆಗೆ ತೂತು ಕೊರೆದು, ಹಿತ್ತಾಳೆಯಿಂದ ಬೆಸೆದು, ಒಂದು ಹನಿ ಸೋರದಂತೆ ಗುಂಡನ್ನು ಕೂಡಿಸಿದೆ.

ಯಲವಿಗಿ ಸ್ಟೇಷನ್ನಿನವರೆಗೆ ಸಾಹುಕಾರರೂ ನಾನೂ ಹೋಗಿಬಂದೆವು. ಅರ್ಧ ದಾರಿಗೇ ಮುಳ್ಳು ಕೆಂಪು ಗೆರೆ ಮುಟ್ಟಿತು. ಸಾಹುಕಾರರು ಮುಳ್ಳನ್ನೊಮ್ಮೆ ನನ್ನನ್ನೊಮ್ಮೆ ನೋಡಿದರು. ಶೆಡ್ಡಿನ ಮುಂದೆ ಇಳಿದು ಎಂಜಿನ್ ತಳಕ್ಕೆ ಅಂಗೈ ಇಟ್ಟೆ. ಕೈ ತಡೆಯುವಷ್ಟೇ ಬಿಸಿ.

"ಮುಳ್ಳು ಸುಳ್ಳು ಹೇಳಾಕತ್ತೈತ್ರಿ."

"ಮುಳ್ಳಿಗೆ ನಿಮ್ಮ ಮ್ಯಾಲೆ ಏನ್ ಹಗೆ?"

"ಗಾಡಿ ಇಲ್ಲೇ ಬಿಡ್ರಿ. ಮುಂಜಾನೆ ನೋಡೂಣು."

ಮುಂಜಾನೆ ಎಂಜಿನ್ ತಣ್ಣಗೆ ಕಲ್ಲಿನಂತಿತ್ತು. ಮುಳ್ಳು ಮಾತ್ರ ಕೆಳಗಿಳಿಯದೆ ಅರ್ಧಕ್ಕೇ ನಿಂತಿತ್ತು. ಸಾಹುಕಾರರ ಮುಖ ಸಡಿಲಾಯಿತು. "ನಿಮ್ಮ ಎಂಜಿನ್ ಖರೇ ಐತಿ ಬಿಡ್ರಿ. ಮುಂಬೈಯಾವ ಕೆಟ್ಟ ಮಾಲು ಕೊಟ್ಟಾನ. ಇವತ್ತ ಕಾಗದ ಬರೀತೇನಿ, ಕಳ್ಳ ಅವ."

ಬಜಿ ಬಾಣಲೆ ನೆನಪಾದರೂ ನಾನು ಹೌದೆಂದು ತಲೆಯಾಡಿಸಿದೆ. ಆ ತಲೆಯಾಡಿಸಿದ್ದು ಇಂದಿಗೂ ನನ್ನನ್ನು ಚುಚ್ಚುತ್ತದೆ. ಅಷ್ಟರಲ್ಲಿ ಎದುರಿನಿಂದ ಅಕ್ಕ ಕೂಗಿದಳು: "ತಮ್ಮಾ, ಇವತ್ತೂ ಆ ಗುಂಡು ಬಜಿ ಎಣ್ಣ್ಯಾಗ ಅದ್ದತೀಯೇನು? ಬಾಣ್ಲಿ ಕಾಯ್ದೈತಿ!"

ಸಾಹುಕಾರರು ನನ್ನತ್ತ ತಿರುಗಿದರು. ಎಲ್ಲವನ್ನೂ ಹೇಳಿದೆ. ಬಜಿ ಎಣ್ಣೆಯ ಕಾವು ಆ ಮೀಟರಿನ ಅಳತೆಗೆ ಮೀರಿದ್ದೆಂದು, ಒಳಗಿನ ಸ್ಪ್ರಿಂಗನ್ನು ನಾನೇ ಸೊಟ್ಟ ಮಾಡಿದೆನೆಂದು, ಹೇಳುತ್ತಿರುವಾಗಲೇ ನನಗೆ ಪೂರಾ ತಿಳಿದದ್ದು.

ಗಾಡಿ ಹುಬ್ಬಳ್ಳಿಗೆ ಹೋಗಲಿಲ್ಲ. ಆದರೆ ಅಂದಿನಿಂದ ನಾನು ಒಂದು ನಟ್ಟು ಬಿಗಿದರೂ ಸಾಹುಕಾರರು ಪಕ್ಕದಲ್ಲಿ ಕುರ್ಚಿ ಹಾಕಿಸಿಕೊಂಡು ಕೂಡುತ್ತಿದ್ದರು.