ಹುಚ್ಚವ್ವ ತೋರಿಸದ ಹಕ್ಕಿ

ತಿಳವಳ್ಳಿಯ ಹುಚ್ಚವ್ವನಿಗೆ ಅಜ್ಜಿಯ ಹೆಸರಿಟ್ಟಿದ್ದರು. ಹೀಗಾಗಿ ಆಡಿಕೊಳ್ಳುವವರಿಗೆ ಬೇರೆ ಹೆಸರು ಹುಡುಕುವ ಕೆಲಸ ಬೀಳಲಿಲ್ಲ. ಬೇಸಿಗೆ ಬಂತೆಂದರೆ ಅವಳು ನಸುಕಿನಲ್ಲೇ ಅಡವಿಗೆ ಹೋಗಿ ಮುತ್ತಲ ಎಲೆ ತರುತ್ತಿದ್ದಳು. ಮಧ್ಯಾಹ್ನ ಪಡಸಾಲೆಯಲ್ಲಿ ಕುಂತು, ಕಡ್ಡಿ ಚುಚ್ಚಿ ಊಟದ ಎಲೆ ಹಚ್ಚುತ್ತಿದ್ದಳು. ಸುತ್ತಲಿನ ಮದುವೆಗಳಿಗೆಲ್ಲ ಅವಳ ಎಲೆಯೇ ಆಗಬೇಕು. ಗಂಡ ಲಕ್ಕಪ್ಪ ಒಕ್ಕಲುತನದವನು, ಮಾತು ಕಡಿಮೆ.

೧೯೫೭ರ ಬೇಸಿಗೆಯಲ್ಲಿ ಒಂದು ದಿನ ಅವಳು ನೀರು ಕುಡಿಯಲು ಹಳ್ಳಕ್ಕಿಳಿದಳು. ಅಲ್ಲಿ ಅಡವಿ ದಟ್ಟ. ತಲೆ ಮೇಲಿನ ಟೊಂಗೆಯಲ್ಲಿ ಕೆಂಪು ಬಟ್ಟೆ ಸಿಕ್ಕಿಕೊಂಡಿದೆ ಅನ್ನಿಸಿತು. ನೋಡಿದರೆ ಹಕ್ಕಿ. ತಲೆ ಕಪ್ಪು, ಕೊರಳಿಗೆ ಸುಣ್ಣದಲ್ಲಿ ಎಳೆದಂಥ ಬಿಳಿ ಗೆರೆ, ಅದರ ಕೆಳಗೆ ಹೊಟ್ಟೆಯೆಲ್ಲ ಕಡುಗೆಂಪು. ಅವಳು ಒಂದು ಹೆಜ್ಜೆ ಸರಿದಳು. ಹಕ್ಕಿ ಹಾರಲಿಲ್ಲ, ಬೆನ್ನು ತಿರುಗಿಸಿತು. ಬೆನ್ನು ಒಣ ಎಲೆಯ ಬಣ್ಣ. ಕಣ್ಣೆದುರಿಗೇ ಇದ್ದರೂ ಕಾಣದಂತಾಯಿತು. ಅದು ಮತ್ತೆ ಇತ್ತ ತಿರುಗುವ ತನಕ ಹುಚ್ಚವ್ವ ಕಲ್ಲಿನಂತೆ ಕುಂತಳು.

ಆಮೇಲೆ ಜೋಡಿಯೇ ಕಂಡಿತು. ಎದೆಯೆತ್ತರದ ಒಂದು ಲಡ್ಡು ಹಿಡಿದು ಮೆತ್ತಗಾದ ಒಣಮರದ ಬೊಡ್ಡೆಯನ್ನು ಎರಡೂ ಕೊಕ್ಕಿನಿಂದ ಕೊರೆದು ಗೂಡು ಮಾಡಿದವು, ಸರದಿಯಂತೆ ತತ್ತಿಯ ಮೇಲೆ ಕುಂತವು. ಹುಚ್ಚವ್ವ ದಿನಾ ಹೋಗಿ ನೋಡತೊಡಗಿದಳು. ತಡವಾಗಿ ಬರುತ್ತಿದ್ದಳು, ಬುಟ್ಟಿ ಅರ್ಧವೂ ತುಂಬಿರುತ್ತಿರಲಿಲ್ಲ.

ಇದನ್ನು ಗಮನಿಸಿದವಳು ನೆಗೆಣ್ಣಿ ಶಾರವ್ವ, ಲಕ್ಕಪ್ಪನ ತಮ್ಮನ ಹೆಂಡತಿ. ಅವಳು ಬಾವಿಕಟ್ಟೆಯಲ್ಲಿ ಒಂದು ಮಾತು ಆಡಿದಳು. ಅದು ಚಾವಡಿ ಮುಟ್ಟುವುದರೊಳಗೆ ಅದರಲ್ಲಿ ಒಬ್ಬ ಗಂಡಸೂ ಸೇರಿಕೊಂಡಿದ್ದ.

ಊರ ಹಿರಿಯ ಗುದ್ಲೆಪ್ಪ ಗಂಡಹೆಂಡತಿಯನ್ನು ಕರೆಸಿ, ಅಡವಿಯಲ್ಲಿ ಅಷ್ಟು ಹೊತ್ತು ಏನು ಕೆಲಸ ಎಂದು ಕೇಳಿದ. ಹಕ್ಕಿ ನೋಡುತ್ತೇನೆ ಎಂದಳು. ಕುಂತವರು ನಕ್ಕರು. ಹಾಗಿದ್ದರೆ ಆ ಜಾಗ ತೋರಿಸು ಎಂದ ಗುದ್ಲೆಪ್ಪ.

ತೋರಿಸಿದ್ದರೆ ಅಲ್ಲಿಗೇ ಮುಗಿಯುತ್ತಿತ್ತು. ಆದರೆ ಅವಳಿಗೆ ತನ್ನ ಊರು ಗೊತ್ತಿತ್ತು. ಮರುದಿನವೇ ಒಬ್ಬರು ಗೂಡಿಗೆ ಕೈ ಹಾಕುತ್ತಾರೆ, ಇನ್ನೊಬ್ಬರು ಬೊಡ್ಡೆಯನ್ನು ಕಟ್ಟಿಗೆಗೆ ಒಯ್ಯುತ್ತಾರೆ.

"ತೋರಸೂದಿಲ್ರಿ," ಎಂದಳು. "ಮರಿ ಹೊರಗ ಬರೂತನಕ ಯಾರಿಗೂ ತೋರಸೂದಿಲ್ಲ."

ಹಂಗಾದರೆ ಗುಡಿಯಲ್ಲಿ ಆಣೆ ಮಾಡು ಎಂದರು.

"ತಪ್ಪ ಮಾಡಿದವರು ಆಣಿ ಮಾಡ್ಲಿ. ನಾ ಯಾಕ ಮಾಡ್ಲಿ?"

ಇನ್ನು ಮೇಲೆ ಊರಲ್ಲಿ ಯಾರೂ ಅವಳ ಎಲೆ ಕೊಳ್ಳಬಾರದು, ಶುಭಕಾರ್ಯಕ್ಕೆ ಕರೆಯಬಾರದು ಎಂದಾಯಿತು. ಮನೆಗೆ ಬಂದ ಮೇಲೆ ಲಕ್ಕಪ್ಪ, ತನಗಾದರೂ ತೋರಿಸು ಎಂದ. ನೀನು ಬಂದರೆ ನಿನ್ನ ಬೆನ್ನಿಗೆ ಊರು ಬರುತ್ತದೆ ಎಂದಳು ಅವಳು.

"ನನ್ನ ಮಾತು ನಂಬತೀಯೋ ಇಲ್ಲೋ? ಅಷ್ಟ ಹೇಳು."

ಅವನು ಉಣ್ಣಲು ಕುಂತ. ಉಂಡು ಹೊಲಕ್ಕೆ ಹೋದ. ಚಾವಡಿಯ ಮಾತಿಗಿಂತ ಅದು ಅವಳನ್ನು ಹೆಚ್ಚು ಸುಟ್ಟಿತು. ಆದರೂ ಮರುದಿನ ಬುಟ್ಟಿ ಹಿಡಿದು ಹೊರಟಳು. ಹಿತ್ತಲ ಸಂದಿಯಿಂದ ಅಲ್ಲ, ಚಾವಡಿಯ ಮುಂದೆಯೇ ಹಾದು ಹೋದಳು. ಕುಂತವರು ತಿರುಗಿ ನೋಡಿದರು. ಅವಳು ತಲೆ ತಗ್ಗಿಸಲಿಲ್ಲ. ಹಚ್ಚಿದ ಎಲೆಗಳನ್ನು ಬಸ್ಸಿನಲ್ಲಿ ಹಾನಗಲ್ಲಿಗೆ ಒಯ್ದಳು. ಅಲ್ಲಿ ಖಾನಾವಳಿಯ ಹಜರತಅಲಿ ಒಂದು ಎಲೆಗೆ ನೀರು ಸುರಿದು, ಸೋರದ್ದು ನೋಡಿ, ಅಷ್ಟನ್ನೂ ಕೊಂಡುಕೊಂಡ.

ಮುಂಗಾರಿಗೆ ಮೊದಲೇ ಮರಿಗಳು ಹೊರಬಂದು ಬೊಡ್ಡೆಯ ಹತ್ತಿರದ ಟೊಂಗೆಯಲ್ಲಿ ಅಂಟಿಕೊಂಡು ಕುಂತವು. ಅವು ರೆಕ್ಕೆ ಬಲಿತು ಗಿಡದಿಂದ ಗಿಡಕ್ಕೆ ಹಾರುವುದನ್ನು ನೋಡಿದ ಮೇಲೆ ಹುಚ್ಚವ್ವ ಯಾರೂ ಕರೆಯದೆ ಚಾವಡಿಗೆ ಹೋಗಿ, ಈಗ ಬರ್ರಿ ಎಂದಳು. ಗುದ್ಲೆಪ್ಪನ ಜೊತೆ ನಾಲ್ಕಾರು ಗಂಡಸರು ಬಂದರು, ಲಕ್ಕಪ್ಪನೂ ಬಂದ; ಎಲ್ಲರೂ ಹಳ್ಳದ ದಂಡೆಯಲ್ಲಿ ಕುಂತರು. ಅವರ ಗದ್ದಲಕ್ಕೆ ಹಕ್ಕಿ ಬೆನ್ನು ತಿರುಗಿಸಿ ಕುಂತಿತು. ಈ ಮಣ್ಣುಬಣ್ಣದ ಹಕ್ಕಿಗೆ ಇಷ್ಟೆಲ್ಲ ಮಾಡಿದಳೇ ಎಂದು ಗುದ್ಲೆಪ್ಪ ಎದ್ದ. ಉಳಿದವರೂ ಎದ್ದರು. ಹುಚ್ಚವ್ವ ಯಾರನ್ನೂ ತಡೆಯಲಿಲ್ಲ.

ಲಕ್ಕಪ್ಪ ಏಳಲಿಲ್ಲ. ಬಹಳ ಹೊತ್ತಿನ ಮೇಲೆ ಹಕ್ಕಿ ಇತ್ತ ತಿರುಗಿತು. ಅವನು ಉಸಿರು ಹಿಡಿದು ನೋಡಿದ.

"ಅವತ್ತ ನಾ ನಂಬಬೇಕಾಗಿತ್ತು," ಎಂದ ಮೆಲ್ಲಗೆ.

"ಹೌದು, ನಂಬಬೇಕಾಗಿತ್ತು," ಎಂದಳು ಅವಳು, ಹಕ್ಕಿಯಿಂದ ಕಣ್ಣು ತೆಗೆಯದೆ.

ಮುಂದಿನ ವರ್ಷ ಗುದ್ಲೆಪ್ಪನ ಮಗಳ ಮದುವೆ. ಎಲೆಗಾಗಿ ಆಳು ಬಂದ. ಆ ಮನೆಗೆ ಹಚ್ಚುವುದಿಲ್ಲ ಎಂದು ಕಳಿಸಿದಳು. ಕಡೆಗೆ ಗುದ್ಲೆಪ್ಪನೇ ಬಂದ. ಚಾಪೆ ಹಾಸಿ ನೀರು ಕೊಟ್ಟಳು. ಇನ್ನೂ ಸಿಟ್ಟು ಇಳಿದಿಲ್ಲವೇ ಎಂದು ಅವನು ಕೇಳಿದ.

"ಸಿಟ್ಟಲ್ರಿ. ನನ್ನ ಮ್ಯಾಲ ಇಲ್ಲದ್ದ ಹೊರಸಿದ್ರಿ. ಅದು ಸುಳ್ಳಂತ ಅದ ಚಾವಡ್ಯಾಗ ನಿಂತು ಹೇಳ್ರಿ. ಎಲಿ ಪುಗಸಟ್ಟೆ ಕೊಡ್ತೇನಿ."

ಗುದ್ಲೆಪ್ಪ ನೀರು ಕುಡಿದು ಎದ್ದು ಹೋದ. ಮದುವೆಗೆ ಎಲೆ ಶಿಗ್ಗಾಂವದಿಂದ ಬಂದವು.

ಅರವತ್ತೊಂದರ ಮಳೆಗೆ ಆ ಬೊಡ್ಡೆ ಕುಸಿಯಿತು. ಹುಚ್ಚವ್ವ ಹಳ್ಳದ ಮೇಲ್ಗಡೆ, ಇನ್ನೂ ಒಳಗೆ ಹೋಗಿ ಹುಡುಕಿದಳು. ಮರುವರ್ಷ ಹೊಸ ಗೂಡು ಸಿಕ್ಕಿತು. ಆ ದಿನಗಳಲ್ಲಿ ಲಕ್ಕಪ್ಪನೇ ಮುಂಜಾನೆ ಎಮ್ಮೆ ಹಿಂಡಿ, ಕೊಟ್ಟಿಗೆ ಬಳಿದು, ಅವಳನ್ನು ಕಳಿಸುತ್ತಿದ್ದ. ಎಲ್ಲಿಗೆ ಹೊರಟೆ ಎಂದು ಚಾವಡಿಯಲ್ಲಿ ಈಗ ಯಾರೂ ಕೇಳುತ್ತಿರಲಿಲ್ಲ. ಕೇಳಿದ್ದರೂ ಅವಳು ಹೇಳುವವಳಲ್ಲ.